ಟೇಬಲಿಗೆ ಇಳಿಯದ ಹೆಸರು

ಕುರಿಯ ಮುಖಕ್ಕಿಂತ ಮೊದಲು ಪದ್ಮಜಾ ಕುರಿಯ ಕಿವಿಯನ್ನು ಗುರುತಿಸಲು ಕಲಿತಳು. ಕರ್ನೂಲು ಕಡೆಯ ದೇವನಕೊಂಡದಿಂದ ಷೇರ್ ಆಟೋದಲ್ಲಿ ಅರ್ಧ ಗಂಟೆ ದೂರದ ಕರಿಗುಡ್ಡದಲ್ಲಿ ಅವಳ ಅಪ್ಪ ಉಚ್ಚೀರಪ್ಪನ ಹಟ್ಟಿ ಇದೆ. ಬೆಳಿಗ್ಗೆ ಮುಳ್ಳುಬೇಲಿಯ ಬಾಗಿಲು ಸರಿಸಿದರೆ ಕುರಿಗಳು ಒಂದರ ಮೇಲೊಂದು ನುಗ್ಗಿ ಹೊರಗೆ ಬರುತ್ತಿದ್ದವು. ಆರು ವರ್ಷದ ಪದ್ಮಜಾ ಪಕ್ಕದ ಕಲ್ಲಿನ ಮೇಲೆ ಕೂತು ಒಂದೊಂದನ್ನೂ ನೋಡಿ ಕೂಗುತ್ತಿದ್ದಳು: ಅಪ್ಪಂದು, ಅಪ್ಪಂದು, ಅತ್ತಿದು, ಅಪ್ಪಂದು. ಬಲಗಿವಿಯ ತುದಿ ಕತ್ತರಿಸಿದ್ದರೆ ಅಪ್ಪನ ಕುರಿ. ಎಡಗಿವಿಯ ಕೆಳಗೆ ಎರಡು ಕಚ್ಚು ಇದ್ದರೆ ಸೋದರತ್ತೆ ಬಸವಕ್ಕನ ಕುರಿ.

ಬಸವಕ್ಕ ಇಪ್ಪತ್ತಾರು ವರ್ಷದ ಹಿಂದೆ ಚಿಪ್ಪಗಿರಿಗೆ ಮದುವೆಯಾಗಿ ಹೋದವಳು. ಆ ಕಡೆಯ ಕುರಿಗಾರರ ಮನೆಗಳಲ್ಲಿ ಮಗಳಿಗೆ ಬಳುವಳಿಯಾಗಿ ಹೆಣ್ಣುಕುರಿ ಕೊಡುತ್ತಾರೆ. ಗಂಡನ ಮನೆಯಲ್ಲಿ ಮಂದೆ ಇಲ್ಲದಿದ್ದರೆ ಕುರಿ ಅವಳ ಜೊತೆ ಹೋಗುವುದಿಲ್ಲ. ಕಿವಿಗೆ ಅವಳದೇ ಒಂದು ಹೊಸ ಗುರುತು ಕೊಯ್ದು ತವರಿನ ಮಂದೆಯಲ್ಲೇ ಬಿಡುತ್ತಾರೆ. ಅಣ್ಣ ಮೇಯಿಸುತ್ತಾನೆ. ಹುಟ್ಟಿದ ಗಂಡುಮರಿ ಮೇಯಿಸಿದವನಿಗೆ, ಹೆಣ್ಣುಮರಿ ತಂಗಿಗೆ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ, ಕಿವಿಯೊಂದೇ. ಬಸವಕ್ಕನಿಗೆ ಕೊಟ್ಟದ್ದು ಆರು ಕುರಿ. ರೋಗಕ್ಕೆ ಹೋದದ್ದು, ತೋಳ ಎತ್ತಿದ್ದು ಕಳೆದು ಈಗ ಹದಿನೇಳು ಇದ್ದವು.

ಪದ್ಮಜಾ ದೇವನಕೊಂಡದ ತೆಲುಗು ಶಾಲೆಯಲ್ಲಿ ಓದಿ, ಆದೋನಿಯಲ್ಲಿ ಎಂಸಿಎ ಮುಗಿಸಿ, ಅಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮೂರು ವರ್ಷ ಜಾವಾ ಪ್ರೋಗ್ರಾಮಿಂಗ್ ಕಲಿಸಿದಳು. ಆಮೇಲೆ ತನ್ನ ಜೊತೆ ಓದಿದ ವಾಗೀಶನೊಂದಿಗೆ ಸೇರಿ ಹತ್ತಿ ಮಾರ್ಕೆಟ್ ಯಾರ್ಡಿನ ಹಿಂದೆ, ಬೀಜದ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಒಂದು ಕೋಣೆ ಹಿಡಿದಳು. ಎರಡು ಮೇಜು, ಎರಡು ಕಂಪ್ಯೂಟರು, ಹತ್ತಿಯ ನವಿರು ಒಳಗೆ ಬಾರದಂತೆ ಸದಾ ಮುಚ್ಚಿರುತ್ತಿದ್ದ ಒಂದು ಕಿಟಕಿ. ಜಿನ್ನಿಂಗ್ ಮಿಲ್ಲುಗಳಿಗೆ, ಎರಡು ಶಾಲೆಗಳಿಗೆ ಸಾಫ್ಟ್‌ವೇರ್ ಬರೆದುಕೊಟ್ಟರು. ವಾಗೀಶ ಮಿಲ್ಲಿನ ಫಿಟ್ಟರ್ ಒಬ್ಬರ ಮಗ. ಕೆಲಸದಲ್ಲಿ ಚುರುಕು, ಕನ್ನಡದ ನಡುವೆ ತೆಲುಗು ಬೆರೆಸುವ ಮಾತಿನಲ್ಲಿ ಅದಕ್ಕಿಂತ ಚುರುಕು. ಗಿರಾಕಿಗಳ ಹತ್ತಿರ ಅವನೇ ಮಾತಾಡುತ್ತಿದ್ದ.

ಎರಡು ವರ್ಷದ ಹಿಂದೆ ಕರಿಗುಡ್ಡ ಸುತ್ತಿನ ಹನ್ನೊಂದು ಹಳ್ಳಿಗಳಲ್ಲಿ ಕುರಿ ಕಳ್ಳತನ ಮಿತಿಮೀರಿತು. ಹಟ್ಟಿಯಿಂದ ಎತ್ತಿ, ಗೂಡ್ಸ್ ಆಟೋಕ್ಕೆ ಹಾಕಿ, ಸಂತೆ ಸೇರಿಸಿಬಿಡುತ್ತಿದ್ದರು. ಕುರಿಗಾರರ ಸಂಘ ಒಂದು ತೀರ್ಮಾನಕ್ಕೆ ಬಂತು: ಪ್ರತಿ ಕುರಿಗೆ ಸಂಖ್ಯೆಯಿರುವ ಹಳದಿ ಟ್ಯಾಗು; ಒಡೆಯರಿಗೆ ಆ ಸಂಖ್ಯೆಗಳಿರುವ ಕಾರ್ಡು; ಕಾರ್ಡು ತೋರಿಸದೆ ಯಾವ ಗೂಡ್ಸ್ ಆಟೋದವನೂ ಕುರಿ ಹತ್ತಿಸಬಾರದು. ಆಟೋದವರೂ ಒಪ್ಪಿದರು. ಇದನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕಾಯಿತು. ಸಂಘದ ಅಧ್ಯಕ್ಷ ರೇವಣಸಿದ್ದಯ್ಯ ಪದ್ಮಜಾಳ ಕೋಣೆಗೇ ಬಂದ.

"ನಮ್ಮ ಉಚ್ಚೀರಪ್ಪನ ಮಗಳು ಇರಾಗ ಬ್ಯಾರೆಯವ್ರಿಗೆ ಯಾಕ ಕೊಡಾದು?" ಎಂದ. "ಕುರಿ ಹಿಕ್ಕಿ ವಾಸನಿ ಗೊತ್ತಿದ್ದಾರು ಬರೀಬೇಕು ಇದನ್ನ."

ಮಾತು ಅವಳಿಗೆ ಹಿಡಿಸಿತು. ಅಂದೇ ಮಧ್ಯಾಹ್ನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಚೌಕ ಎಳೆದಳು: ಕುರಿ, ಮಂದೆ, ಮನುಷ್ಯ. ಕುರಿಯಿಂದ ಮನುಷ್ಯನ ಚೌಕಕ್ಕೆ ಎರಡು ಗೆರೆ. ಒಂದರ ಮೇಲೆ 'ಮೇಯಿಸುವವರು', ಇನ್ನೊಂದರ ಮೇಲೆ 'ಒಡತಿ'.

ವಾಗೀಶ ಬಗ್ಗಿ ನೋಡಿದ. "ಒಂದು ಕುರಿಗೆ ಒಂದು ಹೆಸರು ಸಾಕು ಕದಾ? ಎರಡು ಯಾಕ?"

"ಮಂದೆ ಒಬ್ಬರದು, ಕುರಿ ಒಬ್ಬರದು. ಅದಕ್ಕ."

"ಮೇಸಾವನೇ ಯಜಮಾನ."

"ನಿನ್ನ ಬೈಕು ಮೆಕಾನಿಕ್ ಹತ್ರ ಬಿಟ್ಟೀಯಲ್ಲ, ಅದು ಯಾರದು?"

"ಬಿಟ್ಟು ಇಪ್ಪತ್ತು ದಿನ ಆತು. ಈಗ ಅದು ಅವಂದೇ ಅನ್ನಂಗ ಆಗೇತಿ," ಎಂದು ಅವನು ನಕ್ಕ. ಅವಳೂ ನಕ್ಕಳು. ಎರಡು ಗೆರೆ ಉಳಿದವು.

ಕೆಲಸವನ್ನು ಎಂದಿನಂತೆ ಹಂಚಿಕೊಂಡರು. ಪದ್ಮಜಾ ಕ್ಲಾಸುಗಳನ್ನು ಬರೆದಳು. ಕ್ಲಾಸ್ ಎಂದರೆ ಪ್ರೋಗ್ರಾಮಿನೊಳಗೆ ಒಂದು ವಸ್ತು ಹೇಗಿರಬೇಕು ಎಂಬ ನಮೂನೆ. ಅವಳ ಕುರಿಯ ನಮೂನೆಯಲ್ಲಿ ಟ್ಯಾಗಿನ ಸಂಖ್ಯೆ, ಬಣ್ಣ, ವಯಸ್ಸು, ಕಿವಿಯ ಗುರುತು, ಮೇಯಿಸುವವರು, ಒಡತಿ ಎಲ್ಲ ಇದ್ದವು. ಆದರೆ ನಮೂನೆಯಲ್ಲಿ ಇದ್ದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ. ಉಳಿಯಬೇಕಾದರೆ ಅದು ಸರ್ವರಿನಲ್ಲಿರುವ ಟೇಬಲಿಗೆ ಇಳಿಯಬೇಕು. ನಮೂನೆಯ ಯಾವ ಭಾಗ ಟೇಬಲಿನ ಯಾವ ಕಾಲಮ್ಮಿಗೆ ಹೋಗಬೇಕೆಂದು ಸಾಲುಸಾಲಾಗಿ ಹೇಳಿಕೊಡಬೇಕು. ಹಾಗೆ ಹೇಳಿಕೊಡುವುದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಅದು ವಾಗೀಶನ ಪಾಲಿಗೆ ಬಂತು. ಹಳ್ಳಿಗಳಿಗೆ ಹೋಗಿ ವಿವರ ತುಂಬಿಸುವುದು ಪದ್ಮಜಾಳ ಪಾಲಿಗೆ. ಹಟ್ಟಿಗಳಲ್ಲಿ ಮಾತಾಡಲು ಅವನಿಗೆ ಬರುವುದಿಲ್ಲ ಎಂದು ಅವನೇ ಹೇಳಿದ್ದ.

ವಿವರ ತುಂಬಿಸುವ ದಿನಗಳನ್ನು ಅವಳು ಸಂಕ್ರಾಂತಿಯ ಆಸುಪಾಸಿಗೆ ಇಟ್ಟುಕೊಂಡಳು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹಬ್ಬಕ್ಕೆ ತವರಿಗೆ ಬರುತ್ತಾರೆ, ತಮ್ಮ ಕುರಿ ತಾವೇ ತೋರಿಸುತ್ತಾರೆ ಎಂಬುದು ಲೆಕ್ಕಾಚಾರ. ಬಾಡಿಗೆಗೆ ತಂದ ಐದು ಟ್ಯಾಬುಗಳು. ನಾಲ್ಕನ್ನು ಹಿಡಿಯಲು ಸಂಘದವರೇ ಜನ ಕೊಟ್ಟರು, ಐದನೆಯದು ಅವಳ ಕೈಯಲ್ಲಿ; ಹೆಂಗಸರ ಹೆಸರುಗಳನ್ನು ಅವಳೇ ಬರೆಯುವುದೆಂದಾಯಿತು. ಹೆಂಗಸರು ಮೊದಲು ಹತ್ತಿರ ಬರಲಿಲ್ಲ. ಪಕ್ಕದ ಹಳ್ಳಿಯಲ್ಲೇ ಹುಟ್ಟಿ ಅಲ್ಲೇ ಮದುವೆಯಾಗಿ, ತಮ್ಮನ ಮಂದೆಯಲ್ಲಿ ಕುರಿ ಬಿಟ್ಟಿದ್ದ ಗಂಗಕ್ಕ ಎಂಬ ಐವತ್ತರ ಹೆಂಗಸು ದೂರದಿಂದಲೇ ಕೇಳಿದಳು:

"ಯವ್ವಾ, ನನ್ನ ಹೆಸರು ರೇಷನ್ ಕಾರ್ಡಿನ್ಯಾಗ ಬಿಟ್ಟು ಎಲ್ಯೂ ಬಂದಿಲ್ಲ. ಅದ್ರಾಗನೂ ತಪ್ಪು ಬರದಾರ. ನೀ ಏನು ಬರೀತಿ?"

"ನಿನ್ನ ಹೆಸರೇ ಬರೀತೀನಿ, ಗಂಗಕ್ಕ. ಇಲ್ಲಿ ನೋಡು." ಪದ್ಮಜಾ ಟ್ಯಾಬನ್ನು ಅವಳ ಕಡೆ ತಿರುಗಿಸಿದಳು. ಗಂಗಕ್ಕ ಅಕ್ಷರ ಬಲ್ಲವಳಲ್ಲ. ಪಕ್ಕದಲ್ಲಿದ್ದ ಸೊಸೆಗೆ ಓದಲು ಹೇಳಿದಳು. ಸೊಸೆ ಓದಿದಳು.

"ನಾಳಿಗೆ ಅಳಿಸಿ ಹೋದ್ರ?"

"ಹೋಗಂಗಿಲ್ಲ."

"ನಿನ್ನ ಮಾತು?"

"ನನ್ನ ಮಾತು."

ಮಾರನೆಯ ದಿನ ಗಂಗಕ್ಕ ಮತ್ತೆ ಬಂದು ತೋರಿಸೆಂದಳು. ಪದ್ಮಜಾ ತೆರೆದು ತೋರಿಸಿದಳು. ಹೆಸರು ಇತ್ತು. ಟ್ಯಾಬು ತನ್ನೊಳಗೆ ತನ್ನದೊಂದು ಪ್ರತಿ ಇಟ್ಟುಕೊಂಡು ಅದನ್ನೇ ತೋರಿಸುತ್ತಿತ್ತು. ಅದಾದ ಮೇಲೆ ಹೆಂಗಸರು ತಾವಾಗಿಯೇ ಬರತೊಡಗಿದರು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಹನ್ನೊಂದು ಹಳ್ಳಿಗಳಲ್ಲಿ ಇನ್ನೂರ ಹದಿನಾಲ್ಕು ಹೆಂಗಸರ ಹೆಸರು ಸೇರಿತ್ತು.

ಅವರಲ್ಲಿ ಬಸವಕ್ಕನೂ ಒಬ್ಬಳು. ಹಬ್ಬದ ಮಾರನೆಯ ದಿನ ಹಟ್ಟಿಗೆ ಬಂದು ತನ್ನ ಹದಿನೇಳನ್ನೂ ಕಿವಿ ಹಿಡಿದು ಒಂದೊಂದಾಗಿ ತೋರಿಸಿದಳು. ಉಚ್ಚೀರಪ್ಪ ಬೇಲಿಯ ಪಕ್ಕ ಕೂತು ಬೀಡಿ ಸೇದುತ್ತಿದ್ದ.

"ಪದ್ದೀ, ಕಾರ್ಡು ಬಂದ್ರ ನಾನು ಇವನ್ನ ಹೊಡ್ಕೊಂಡು ಹೋಗಾಕಿ," ಎಂದಳು ಬಸವಕ್ಕ. "ಚಿಪ್ಪಗಿರ್ಯಾಗ ಶೆಡ್ಡು ಹಾಕ್ಸೀನಿ, ತಗಡು ಬಂದೈತಿ. ಇನ್ನ ಎಷ್ಟು ದಿನ ಅಣ್ಣಗ ಭಾರ ಆಗ್ಲಿ?"

"ಯುಗಾದಿಗೆ ಕಾರ್ಡು ನಿನ್ನ ಕೈಯಾಗ ಇರ್ತೈತಿ, ಅತ್ತಿ."

"ನೋಡಣ್ಣಾ, ನಿನ್ನ ಮಗಳು ಮಾತು ಕೊಟ್ಟಾಳ."

ಉಚ್ಚೀರಪ್ಪ ಬೀಡಿಯ ಬೂದಿ ಕೊಡವಿದ. "ಹೂಂ," ಎಂದ.

ಮಾರ್ಚ್ ಎರಡನೆಯ ವಾರ ಸಂಘದವರು ಕಾರ್ಡುಗಳನ್ನು ಅಚ್ಚು ಹಾಕಿಸಿ ಹಂಚಿದರು. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಸವಕ್ಕ ಆದೋನಿಯ ಕೋಣೆಯ ಮೆಟ್ಟಿಲು ಹತ್ತಿ ಬಂದಳು. ಚಿಪ್ಪಗಿರಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನೀರು ಬೇಡವೆಂದಳು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದ ತೆಗೆದಳು. ಅದು ಕರಿಗುಡ್ಡದಲ್ಲಿ ಅಣ್ಣನಿಗೆ ಬಂದ ಕಾರ್ಡಿನ ಜೆರಾಕ್ಸು. ಅತ್ತಿಗೆಯ ಕೈಯಿಂದ ತರಿಸಿಕೊಂಡಿದ್ದಳು.

"ಓದು."

ಉಚ್ಚೀರಪ್ಪ, ಕರಿಗುಡ್ಡ. ಒಟ್ಟು ಕುರಿ ತೊಂಬತ್ತು. ಕೆಳಗೆ ತೊಂಬತ್ತು ಸಂಖ್ಯೆಗಳು.

"ನನ್ನ ಕಾರ್ಡು ಎಲ್ಲಿ ಐತಿ?"

"ಅಚ್ಚಿನ್ಯಾಗ ಏನೋ ತಪ್ಪಾಗಿರ್ಬೇಕು ಅತ್ತಿ. ಕುಂದ್ರು, ನೋಡ್ತೀನಿ." ವಾಗೀಶ ಅಂದು ಕರ್ನೂಲಿಗೆ ಹೋಗಿದ್ದ. ಪದ್ಮಜಾ ಮೊದಲ ಸಲ ಸರ್ವರಿನ ಟೇಬಲನ್ನೇ ನೇರವಾಗಿ ತೆರೆದಳು. ಸಂಖ್ಯೆ ಇತ್ತು, ಬಣ್ಣ ಇತ್ತು, ವಯಸ್ಸು ಇತ್ತು. ಕಿವಿಯ ಗುರುತು ಇತ್ತು. ಹದಿನೇಳು ಸಾಲುಗಳಲ್ಲಿ 'ಎಡ, ಎರಡು ಕಚ್ಚು' ಎಂದು ಸ್ಪಷ್ಟವಾಗಿ ಇತ್ತು. ಮೇಯಿಸುವವರ ಕಾಲಂ ಇತ್ತು. ಒಡತಿಯ ಕಾಲಮ್ಮೇ ಇರಲಿಲ್ಲ. ಬರೀ ಖಾಲಿಯಾಗಿದ್ದರೆ ತಪ್ಪು ಎನ್ನಬಹುದಿತ್ತು; ಅಂಥದೊಂದು ಕಾಲಂ ಆ ಟೇಬಲಿನಲ್ಲಿ ಯಾವತ್ತೂ ಇರಲೇ ಇಲ್ಲ.

ಕ್ಲಾಸಿನ ಕಡತ ತೆರೆದಳು. ಅವಳು ಬರೆದ 'ಒಡತಿ' ಎಂಬ ಸಾಲು ಹಾಗೇ ಇತ್ತು. ಅದರ ಮೇಲೆ, ಅವಳು ಬರೆಯದ ಒಂದೇ ಪದ ಕೂತಿತ್ತು: ಟ್ರಾನ್ಸಿಯೆಂಟ್. ಇದನ್ನು ಪ್ರೋಗ್ರಾಂ ನಡೆಯುವಾಗ ಇಟ್ಟುಕೋ, ತೋರಿಸು, ಆದರೆ ಟೇಬಲಿಗೆ ಒಯ್ಯಬೇಡ ಎಂದು ಅದರ ಅರ್ಥ. ಕಂಪ್ಯೂಟರ್ ಸೆಂಟರಿನಲ್ಲಿ ಅವಳು ಎಷ್ಟೋ ಮಕ್ಕಳಿಗೆ ಇದನ್ನೇ ಬೋರ್ಡಿನ ಮೇಲೆ ಬರೆದು ವಿವರಿಸಿದ್ದಳು.

ಯಾವ ಬದಲಾವಣೆಯನ್ನು ಯಾರು, ಯಾವಾಗ ಮಾಡಿದರು ಎಂಬ ದಾಖಲೆ ಉಳಿದಿರುತ್ತದೆ. ಮಾಡಿದವನು ವಾಗೀಶ. ತಾರೀಖು ಜನವರಿ ಒಂಬತ್ತು. ಪಕ್ಕದಲ್ಲಿ ಟಿಪ್ಪಣಿ: 'ಸಂಘದ ಸೂಚನೆಯಂತೆ ಒಂದೇ ಹೆಸರು. ಪದ್ಮಜಾಗೆ ತಿಳಿಸಲಾಗಿದೆ.'

ಜನವರಿ ಒಂಬತ್ತು. ಗಂಗಕ್ಕನಿಗೆ ಅವಳು ಮಾತು ಕೊಟ್ಟದ್ದು ಹನ್ನೊಂದರಂದು. ಅತ್ತೆಯ ಕುರಿ ಬರೆದದ್ದು ಅದಕ್ಕೂ ನಂತರ. ಇನ್ನೂರ ಹದಿನಾಲ್ಕು ಹೆಸರುಗಳನ್ನೂ ಅವಳು ಬರೆದದ್ದು ಆ ಪದ ಕೂತ ಮೇಲೆಯೇ. ಹಬ್ಬದ ವಾರದಲ್ಲಿ ದಿನಾ ಸಂಜೆ ವಾಗೀಶ ಫೋನ್ ಮಾಡಿ, "ಎಂಟ್ರಿ ಸೂಪರ್ ಬರಾಕ ಹತ್ತೇತಿ, ಹಂಗೇ ನಡಸು" ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಟ್ಯಾಬುಗಳಲ್ಲಿದ್ದುದನ್ನೆಲ್ಲ ಅಳಿಸಿ ಬಾಡಿಗೆಯವನಿಗೆ ಒಪ್ಪಿಸಿದವನೂ ಅವನೇ.

"ಏನಾತು?" ಎಂದಳು ಬಸವಕ್ಕ.

ಪದ್ಮಜಾ ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿದಳು. "ನಿನ್ನ ಹೆಸರು ಒಳಗ ಹೋಗಿಲ್ಲ ಅತ್ತಿ. ನಾ ಬರದಿದ್ದೆ. ಹೋಗಿಲ್ಲ."

"ನಾನು ನೋಡೀನಲ್ಲ? ನೀನೇ ತೋರ್ಸಿದಿ."

"ತೋರ್ಸಾದು ಬ್ಯಾರೆ, ಉಳಿಯಾದು ಬ್ಯಾರೆ."

"ಅದು ನಿಂಗ ಗೊತ್ತಿತ್ತು?"

"ಗೊತ್ತಿತ್ತು. ಅವ ಹಿಂಗ ಮಾಡ್ಯಾನಂತ ಗೊತ್ತಿರಲಿಲ್ಲ."

"ಒಮ್ಮೆ ತಗದು ನೋಡ್ಲಿಲ್ಲೇನು?"

ಪದ್ಮಜಾ ನೋಡಿರಲಿಲ್ಲ. ಐದು ವರ್ಷದಿಂದ ಕ್ಲಾಸು ಅವಳದು, ಟೇಬಲು ಅವನದು. ಅವನ ಕೆಲಸ ತೆಗೆದು ನೋಡುವ ಅಗತ್ಯ ಒಮ್ಮೆಯೂ ಬಿದ್ದಿರಲಿಲ್ಲ. ಬಸವಕ್ಕ ಜೆರಾಕ್ಸನ್ನು ಮಡಚಿ ಮತ್ತೆ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದಳು.

ವಾಗೀಶ ಮಾರನೆಯ ದಿನ ಬಂದ. ಅವಳು ಪರದೆಯ ಮೇಲೆ ಆ ಸಾಲನ್ನು ತೆರೆದಿಟ್ಟು ಕೂತಿದ್ದಳು. ಅವನು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ನೋಡಿ, ಕುರ್ಚಿ ಎಳೆದುಕೊಂಡ.

"ಹೇಳ್ಬೇಕಂತ ಇದ್ದೆ."

"ಹೇಳೀನಿ ಅಂತ ಬರದೀಯಲ್ಲ. 'ಪದ್ಮಜಾಗೆ ತಿಳಿಸಲಾಗಿದೆ.' ಯಾವಾಗ ತಿಳಿಸ್ದಿ?"

"ಚೂಡು, ಇಲ್ಲಿ ನೋಡು, ನೀನು ಹಳ್ಳ್ಯಾಗ ಇದ್ದಿ. ರೇವಣಸಿದ್ದಯ್ಯನೋರು ಬಂದ್ರು. ಎರಡು ಹೆಸರಿದ್ರ ಕಾರ್ಡು ಯಾರಿಗೆ ಕೊಡಾದು, ಜಗಳ ಆಗ್ತೈತಿ, ಮಂದೆ ಒಡೀತಾವ ಅಂದ್ರು. ಮೇಲಿಂದ ಬರೋ ಫಾರಮ್ಮಿನ್ಯಾಗ ಒಂದೇ ಖಾನೆ ಐತಿ ಅಂದ್ರು. ಅವ್ರು ಗಿರಾಕಿ. ನಾನೇನು ಮಾಡ್ಲಿ?"

"ಹಂಗಾದ್ರ ಆ ಸಾಲೇ ತಗದು ಬಿಡ್ಬೇಕಿತ್ತು. ನನ್ನ ಸ್ಕ್ರೀನ್ ಮ್ಯಾಲಿಂದ ತಗದಿದ್ರ ನಂಗ ಗೊತ್ತಾಗ್ತಿತ್ತು. ಅದನ್ನ ಯಾಕ ಉಳಿಸಿದಿ?"

ಅವನು ಹೆಲ್ಮೆಟ್ಟಿನ ಪಟ್ಟಿ ಸರಿಪಡಿಸತೊಡಗಿದ.

"ಹೆಂಗಸ್ರು ಹೆಸರು ಕಾಣ್ಲಿಲ್ಲಂದ್ರ ಕುರಿ ತೋರ್ಸ್ತಿರಲಿಲ್ಲ," ಎಂದು ಅವಳೇ ಹೇಳಿದಳು. "ಕುರಿ ತೋರ್ಸಾಕ ಹೆಸರು ಬೇಕಿತ್ತು. ಮಾತಾಡಾಕ ನಾನು ಬೇಕಿತ್ತು."

"ಅಷ್ಟು ದೂರ ನಾನು ಯೋಚಿಸಿಲ್ಲ, ಪದ್ಮಜಾ."

"ಯೋಚಿಸಿದ್ದಿ."

ಆಗ ವಾಗೀಶನಿಗೆ ಸಿಟ್ಟು ಬಂತು. ಜೇಬಿನಿಂದ ಫೋನ್ ತೆಗೆದು, ಒಂದು ಫೋಟೋ ಹುಡುಕಿ, ಅವಳ ಮುಂದೆ ಹಿಡಿದ. "ನನ್ನೊಬ್ಬನ್ನ ಕೇಳ್ತಿ. ಇದನ್ನ ನೋಡು."

ಸಂಘದ ಸಭೆಯ ಠರಾವು. ಜನವರಿ ಏಳನೆಯ ತಾರೀಖು. ಕಾರ್ಡಿನಲ್ಲಿ ಮಂದೆ ಮೇಯಿಸುವವರ ಹೆಸರೊಂದೇ ಇರತಕ್ಕದ್ದು ಎಂದು ತೆಲುಗಿನಲ್ಲಿ ನಾಲ್ಕು ಸಾಲು, ಕೆಳಗೆ ನಲವತ್ತೇಳು ಸಹಿ, ಹೆಬ್ಬೆಟ್ಟು. ಹನ್ನೊಂದನೆಯದು ಉಚ್ಚೀರಪ್ಪನ ಸಹಿ. ಬಲಕ್ಕೆ ವಾಲಿದ, ಕೊನೆಯ ಅಕ್ಷರಕ್ಕೆ ಉದ್ದ ಬಾಲವಿರುವ ಸಹಿ. ಏಳನೆಯ ತರಗತಿಯಲ್ಲಿದ್ದಾಗ ಪದ್ಮಜಾಳೇ ಅಪ್ಪನಿಗೆ ಅದನ್ನು ಕಲಿಸಿದ್ದಳು. ಬಾಲ ಅವಳದೇ ಕಲ್ಪನೆ.

ಅಂದೇ ಮಧ್ಯಾಹ್ನದ ಬಸ್ಸಿಗೆ ಕರಿಗುಡ್ಡಕ್ಕೆ ಹೋದಳು. ಉಚ್ಚೀರಪ್ಪ ಹಟ್ಟಿಯಲ್ಲಿ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಮಗಳನ್ನು ಕಂಡು, ಅವಳು ಬಾಯಿ ತೆರೆಯುವ ಮೊದಲೇ ತಲೆ ತಗ್ಗಿಸಿದ.

"ನಾನೇನು ಕದ್ದಿಲ್ಲ," ಎಂದ. "ಇಪ್ಪತ್ತಾರು ವರ್ಷ ಮೇಸೀನಿ. ಬಿಸಲಾಗ, ಮಳ್ಯಾಗ, ಜ್ವರ ಬಂದಾಗ. ಆಕಿ ಹಬ್ಬಕ್ಕ ಬಂದು ಕಿವಿ ಹಿಡದು ನೋಡಿ ಹೋಗ್ಯಾಳ, ಅಷ್ಟ."

"ಅದಕ್ಕ ಗಂಡುಮರಿ ನಿಂಗ ಬಂದಾವಲ್ಲ ಅಪ್ಪಾ."

"ಬಂದಾವ. ಇಲ್ಲ ಅನ್ನಂಗಿಲ್ಲ. ಆದ್ರ ಹದಿನೇಳು ಹೆಣ್ಣುಕುರಿ ಒಮ್ಮೆಲೇ ಹೋದ್ರ ಮಂದೆ ಏನು ಉಳೀತೈತಿ?"

"ಅದನ್ನ ಆಕಿಗೆ ಹೇಳ್ಬೇಕಿತ್ತು. ಇಲ್ಲಾ ನನಗ ಹೇಳ್ಬೇಕಿತ್ತು. ಆಕಿ ಕುರಿ ತೋರ್ಸಾಗ ನೀನು ಇಲ್ಲೇ ಕುಂತಿದ್ದಿ. ಸಹಿ ಹಾಕಿ ಬಂದು ಕುಂತಿದ್ದಿ."

ಉಚ್ಚೀರಪ್ಪ ಮುಳ್ಳನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದ. "ನೀನು ಅಷ್ಟು ಖುಷಿಲೆ ಬರ್ಕೊಳಾಕ ಹತ್ತಿದ್ದಿ, ಯವ್ವಾ. ನಡುವೆ ಬಾಯಿ ಹಾಕಿ ಏನಂತ ಹೇಳ್ಲಿ?"

ಅವಳ ಜೀವನದಲ್ಲಿ ಅಪ್ಪ ಅವಳಿಗೆ ಸುಳ್ಳು ಹೇಳಿದ್ದಿಲ್ಲ. ಈಗಲೂ ಹೇಳಿರಲಿಲ್ಲ. ಆ 'ಹೂಂ' ಒಂದನ್ನು ಬಿಟ್ಟರೆ ಅವನು ಏನನ್ನೂ ಹೇಳಿರಲೇ ಇಲ್ಲ.

ಪದ್ಮಜಾ ಟೇಬಲಿನ ಪಟ್ಟಿಯನ್ನು ಅಚ್ಚು ಹಾಕಿಸಿಕೊಂಡು ರೇವಣಸಿದ್ದಯ್ಯನ ಮನೆಗೆ ಹೋದಳು. ಒಂದೇ ಮಂದೆಯಲ್ಲಿ ಮೂರು ನಾಲ್ಕು ಬಗೆಯ ಕಿವಿ ಗುರುತು ಇರುವುದನ್ನು ಬೆರಳಿಟ್ಟು ತೋರಿಸಿದಳು. ಹೆಸರಿಲ್ಲದಿದ್ದರೂ ಬೇರೆಯವರ ಕುರಿ ಎಂಬುದಕ್ಕೆ ಸಂಘದ ದಾಖಲೆಯೇ ಸಾಕ್ಷಿ ಹೇಳುತ್ತಿದೆ ಎಂದಳು. ಅವನು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ.

"ಕಿವಿ ನೋಡಿ ಆಟೋದವ ಕುರಿ ಹತ್ತಿಸ್ತಾನೇನವ್ವಾ? ಕಾರ್ಡು ನೋಡ್ತಾನ." ಆಮೇಲೆ ಸ್ವಲ್ಪ ಮೆತ್ತಗಾದ. "ತಿದ್ದಬಾರದು ಅಂತ ನಾನು ಅನ್ನಂಗಿಲ್ಲ. ಕಾರ್ಡು ಯಾರ ಹೆಸರಿಗೆ ಐತಿ, ಅವ್ರು ಬಂದು ಸಹಿ ಮಾಡ್ಲಿ. ತಿಂಗಳ ಕಡೀತನಕ ಟೈಮ್ ಕೊಡ್ತೀನಿ."

ಅವಳು ಟ್ರಾನ್ಸಿಯೆಂಟ್ ಎಂಬ ಆ ಪದವನ್ನು ತೆಗೆದುಹಾಕಿದಳು, ಟೇಬಲಿಗೆ ಒಡತಿಯ ಕಾಲಂ ಸೇರಿಸಿದಳು, ಅರ್ಜಿ ಅಚ್ಚು ಹಾಕಿಸಿ ಹನ್ನೊಂದು ಹಳ್ಳಿಗೂ ಮತ್ತೆ ಹೋದಳು. ಈ ಸಲ ಹೆಂಗಸರು ಅವಳಿಗೆ ಕೂರಲು ಚಾಪೆ ಹಾಕಲಿಲ್ಲ. ಗಂಗಕ್ಕ ಬಾಗಿಲಲ್ಲೇ ನಿಂತು, "ಈ ಸಲ ಯಾರ ಹೆಸರು ತೋರ್ಸಾಕ ಬಂದೀ?" ಎಂದಳು. ತಿಂಗಳ ಕಡೆಗೆ ಮೂವತ್ತೊಂದು ಅರ್ಜಿಗಳು ಸಹಿಯೊಂದಿಗೆ ಬಂದವು. ಗಂಗಕ್ಕನ ತಮ್ಮ ಸಹಿ ಮಾಡಿದ್ದ. ಉಚ್ಚೀರಪ್ಪ ಮಾಡಲಿಲ್ಲ. ಪದ್ಮಜಾ ಕೊಟ್ಟ ಅರ್ಜಿಯನ್ನು ಅವನು ಗೂಡಿನಲ್ಲಿ, ದೀಪದ ಪಕ್ಕ, ನೀಟಾಗಿ ಮಡಚಿ ಇಟ್ಟಿದ್ದ.

ಏಪ್ರಿಲ್ ಮೊದಲ ಸೋಮವಾರ ಬಸವಕ್ಕ ಬೆಳಿಗ್ಗೆ ಏಳಕ್ಕೆಲ್ಲ ಕರಿಗುಡ್ಡಕ್ಕೆ ಬಂದಳು. ರಸ್ತೆಯ ಮೇಲೆ ಒಂದು ಗೂಡ್ಸ್ ಆಟೋ ನಿಲ್ಲಿಸಿ ಬಂದಿದ್ದಳು. ಹಟ್ಟಿಯ ಬಾಗಿಲು ಸರಿಸಿ, ಕಿವಿ ನೋಡಿ ನೋಡಿ ಹದಿನೇಳನ್ನು ಬೇರೆ ಮಾಡಿದಳು. ಹಿಂದಿನ ರಾತ್ರಿ ಊರಿಗೆ ಬಂದಿದ್ದ ಪದ್ಮಜಾ ಓಡಿಹೋಗಿ ಜೊತೆಗೆ ನಿಂತಳು. ಉಚ್ಚೀರಪ್ಪ ತಡೆಯಲಿಲ್ಲ. ರಸ್ತೆಯವರೆಗೆ ಹಿಂದೆ ಹಿಂದೆಯೇ ಬಂದ.

ಆಟೋದವನು ಹಿಂದಿನ ತಗಡು ಇಳಿಸಿ, ಟ್ಯಾಗುಗಳನ್ನು ನೋಡಿದ. "ಕಾರ್ಡು ತೋರ್ಸಮ್ಮಾ."

"ಕುರಿ ನನ್ನವು."

"ಅಲ್ಲ ಅಂದ್ನೇನು? ಕಾರ್ಡು ಇಲ್ದ ಹತ್ತಿಸಿದ್ರ ನನ್ನ ಗಾಡಿ ಹಿಡೀತಾರ. ನಿಮ್ಮ ಸಂಘದವ್ರೇ ಬರ್ಕೊಂಡು ಹೋಗ್ಯಾರ."

ಬಸವಕ್ಕ ಅಣ್ಣನ ಕಡೆ ನೋಡಿದಳು. ಕಾರ್ಡು ಅವನ ಅಂಗಿಯ ಜೇಬಿನಲ್ಲಿತ್ತು. ತೆಳು ಬಟ್ಟೆಯೊಳಗಿಂದ ಅದರ ಅಂಚು ಕಾಣುತ್ತಿತ್ತು. ಅವನು ರಸ್ತೆಯ ಆ ಬದಿಯ ಹತ್ತಿ ಹೊಲದ ಕಡೆ ನೋಡುತ್ತ ನಿಂತ. ಆಟೋದವನು ಸ್ವಲ್ಪ ಹೊತ್ತು ಕಾದು, ತಗಡು ಏರಿಸಿ, ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

"ಪದ್ದೀ, ಇವು ಯಾರವು ಅಂತ ಐತಿ ನಿನ್ನ ಟೇಬಲ್‌ನ್ಯಾಗ?"

"ಅಪ್ಪನವು ಅಂತ ಐತಿ."

"ಹಂಗಾದ್ರ ನಾನು ಕಳ್ಳಿ ಆದೆ." ಬಸವಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದಳು. "ಆಗ್ಲಿ. ನಡಕೊಂಡು ಹೋಗೋ ಕಳ್ಳರಿಗೆ ಕಾರ್ಡು ಕೇಳಂಗಿಲ್ಲ."

"ಅತ್ತಿ, ಮೂರು ದಿನದ ದಾರಿ. ನಾನೂ ಬರ್ತೀನಿ."

"ನೀ ಆಫೀಸಿಗೆ ಹೋಗವ್ವಾ. ನಿನ್ನ ಸ್ಕ್ರೀನ್ಯಾಗ ನಾನು ಚೆಂದ ಕಾಣ್ತೀನಿ, ಅಲ್ಲೇ ನೋಡು."

ಅವಳು ಕುರಿಗಳನ್ನು ರಸ್ತೆ ಬಿಡಿಸಿ ಕಾಲುದಾರಿಗೆ ಇಳಿಸಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ವಾಗೀಶ ಈಗ ಕರ್ನೂಲಿನಲ್ಲಿ ಇದ್ದಾನೆ. ಇದೇ ಸಾಫ್ಟ್‌ವೇರನ್ನು ಇನ್ನಷ್ಟು ಸಂಘಗಳಿಗೆ ಕೊಡುವ ಕೆಲಸ ಅವನಿಗೆ ಸಿಕ್ಕಿತು. ಪದ್ಮಜಾ ಅದೇ ಕೋಣೆಯಲ್ಲಿ ಒಬ್ಬಳೇ ಉಳಿದಳು. ಕರಿಗುಡ್ಡದ ಸಂಘದ ಕೆಲಸವನ್ನು ಬಿಡಲಿಲ್ಲ. ಉಳಿದ ನೂರ ಎಂಬತ್ತಮೂರು ಹೆಂಗಸರ ಹೆಸರು ತನ್ನೊಬ್ಬಳ ತಲೆಯಲ್ಲಷ್ಟೇ ಇದೆ, ತಾನು ಬಿಟ್ಟರೆ ಅಷ್ಟೂ ಹೋಗುತ್ತವೆ ಎಂಬುದು ಅವಳ ಕಾರಣ. ಆಗಾಗ ಒಬ್ಬರು ಇಬ್ಬರು ಸಹಿ ಮಾಡಿಸಿಕೊಂಡು ಬರುತ್ತಾರೆ.

ಜೂನಿನಲ್ಲಿ ಕುರಿಗಳಿಗೆ ಲಸಿಕೆ ಹಾಕಲು ಬಂದವರು ಉಚ್ಚೀರಪ್ಪನ ಮಂದೆ ಎಣಿಸಿದರು. ಎಪ್ಪತ್ತಮೂರು. ಕಾರ್ಡಿನಲ್ಲಿ ತೊಂಬತ್ತು. ಹದಿನೇಳು ಏನಾದವು ಎಂದು ದಾಖಲಿಸದೆ ಲಸಿಕೆ ಇಲ್ಲ ಎಂದರು. ಉಚ್ಚೀರಪ್ಪ ಮೊದಲ ಸಲ ಮಗಳ ಕೋಣೆಯ ಮೆಟ್ಟಿಲು ಹತ್ತಿ ಬಂದ. ಹೊಸಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಮೇಜುಗಳನ್ನು ನೋಡಿ, ಖಾಲಿ ಇದ್ದ ಕುರ್ಚಿಯಲ್ಲಿ ಕೂತ.

ಪದ್ಮಜಾ ಅವನ ಮಂದೆಯ ಪುಟ ತೆರೆದಳು. "ಮೂರೇ ಖಾನೆ ಅದಾವ ಅಪ್ಪಾ. ಮಾರಾಟ, ಸಾವು, ಕಳುವು. ಏನಂತ ಬರೀಲಿ?"

"ಮಾರಿಲ್ಲ."

"ಕಳುವು ಅಂದ್ರ ಸಂಘದವ್ರು ಹುಡುಕಾಕ ಹೋಗ್ತಾರ. ಚಿಪ್ಪಗಿರಿಗೇ ಹೋಗ್ತಾರ."

"ಅದು ಬ್ಯಾಡ." ಕೆಳಗೆ ಅಂಗಡಿಯಲ್ಲಿ ಯಾರೋ ಹತ್ತಿ ಬೀಜದ ಚೌಕಾಸಿ ಮಾಡುತ್ತಿದ್ದರು.

"ಇನ್ನೊಂದು ದಾರಿ ಐತಿ," ಎಂದಳು ಪದ್ಮಜಾ. "ಒಡತಿ ಅಂತ ಈಗ ಖಾನೆ ಐತಿ. ಇಲ್ಲಿ ಸಹಿ ಮಾಡಿದ್ರ ಸಾಕು. ಆಕಿ ಕುರಿ ಆಕಿ ಒಯ್ದಾಳ ಅಂತ ಆಗ್ತೈತಿ."

ಅವಳು ಅರ್ಜಿಯನ್ನು ಅವನ ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ಸಹಿ ಮಾಡಿದರೆ, ಇಷ್ಟು ದಿನ ಜೇಬಿನಲ್ಲಿಟ್ಟುಕೊಂಡಿದ್ದ ಕಾರ್ಡು ಸುಳ್ಳೆಂದು ಊರಿಗೆಲ್ಲ ತಿಳಿಯುತ್ತಿತ್ತು.

"ಸತ್ತಾವ ಅಂತ ಬರಿ," ಎಂದ.

"ನಾ ಬರಿಯಂಗಿಲ್ಲ." ಪ್ರತಿ ಕುರಿಯೂ ಅವಳ ಪ್ರೋಗ್ರಾಮಿನಲ್ಲಿ ಬೇರೆ ಬೇರೆ, ಒಟ್ಟಿಗೆ ಹದಿನೇಳನ್ನು ಸಾಯಿಸಲು ಬರುವುದಿಲ್ಲ. ಅವಳು ಪರದೆಯನ್ನು ಅವನ ಕಡೆ ತಿರುಗಿಸಿ, ಎಲ್ಲಿ ಒತ್ತಬೇಕೆಂದು ಬೆರಳಿಟ್ಟು ತೋರಿಸಿದಳು.

ಉಚ್ಚೀರಪ್ಪ ತೋರುಬೆರಳನ್ನು ಪಂಚೆಗೆ ಒರೆಸಿಕೊಂಡು ಮೌಸಿನ ಮೇಲಿಟ್ಟ. ಮೊದಲನೆಯದಕ್ಕೆ ಒತ್ತಿದ. ಎರಡನೆಯದಕ್ಕೆ ಒತ್ತಿದ. ನಡುವೆ ಎಲ್ಲೋ ನಿಲ್ಲಿಸಿ ಕೈ ಕೊಡವಿಕೊಂಡು ಮತ್ತೆ ಒತ್ತಿದ. ಮುಗಿದ ಮೇಲೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ.

ಪದ್ಮಜಾ ಸರ್ವರಿನ ಟೇಬಲನ್ನು ತೆರೆದು ನೋಡಿದಳು. ಹದಿನೇಳು ಸಾಲುಗಳಲ್ಲೂ 'ಸಾವು' ಎಂದು ಬಂದಿತ್ತು.